ಸ್ಕಾಟ್ಲೆಂಡಿನ ಕರಾವಳಿ, ಗ್ರಾಮಾಂತರದ ಕಾಲ್ನಡಿಗೆ: ಯಾವ ದಾರಿ, ಯಾವ ಕೈಪಿಡಿ?

ಪ್ರಶ್ನೆ ಕೇಳಿದವರು: ತುಂಗಾತೀರ

ನಮಸ್ಕಾರ. ನಾನೂ ನನ್ನ ಹೆಂಡತಿಯೂ ಎಡಿನ್‌ಬರೋದಲ್ಲಿ ನೆಲೆಸಿದ್ದೇವೆ. ಮೇ ತಿಂಗಳಲ್ಲಿ ತೀರ್ಥಹಳ್ಳಿಯಿಂದ ಅಪ್ಪ, ಅಮ್ಮ ಬಂದು ಕೆಲವು ವಾರ ನಮ್ಮೊಂದಿಗೆ ಇರಲಿದ್ದಾರೆ. ಕೋಟೆಯನ್ನೂ ಅರಮನೆಯನ್ನೂ ತೋರಿಸುವುದು ಇದ್ದೇ ಇದೆ. ಆದರೆ ಈ ನಾಡಿನ ಹೊಲ, ಹಳ್ಳಿ, ಕಡಲ ದಂಡೆಗಳನ್ನು ಅವರು ನಡೆದೇ ನೋಡಬೇಕೆಂಬುದು ನನ್ನ ಆಸೆ. ಅಪ್ಪ ಜೀವನವಿಡೀ ಅಡಿಕೆ ತೋಟದಲ್ಲಿ ಓಡಾಡಿದವರಾದ್ದರಿಂದ ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡೆಯುವುದು ಅವರಿಗೆ ಹೊರೆಯಲ್ಲ. ಅಮ್ಮನಿಗೆ ಸಮತಟ್ಟಾದ ದಾರಿಯಲ್ಲಿ ತೊಂದರೆಯಿಲ್ಲ, ಆದರೆ ಇಳಿಜಾರಿನಲ್ಲಿ ಮಂಡಿ ನೋಯುತ್ತದೆ. ನಮ್ಮಲ್ಲಿ ಕಾರಿಲ್ಲ, ರೈಲು, ಬಸ್ಸುಗಳೇ ಗತಿ.

ಪುಸ್ತಕದಂಗಡಿಗೆ ಹೋದರೆ ಸ್ಕಾಟ್ಲೆಂಡಿನ ಕಾಲ್ನಡಿಗೆಗೆಂದೇ ಕಪಾಟು ತುಂಬ ಕೈಪಿಡಿಗಳಿವೆ. ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ, ಆದ್ದರಿಂದಲೇ ಆರಿಸುವುದು ಕಷ್ಟವಾಗಿದೆ. ಕೈಪಿಡಿಯನ್ನು ಯಾವ ಆಧಾರದ ಮೇಲೆ ಆರಿಸಬೇಕು? ಫೋನಿನಲ್ಲಿ ನಕ್ಷೆಯಿರುವಾಗ ಕಾಗದದ ನಕ್ಷೆ ಬೇಕೇ? ಹಿರಿಯರು ಊರಿಗೆ ಮರಳಿದ ಮೇಲೆ, ಸೆಪ್ಟೆಂಬರಿನಲ್ಲಿ ನಾವಿಬ್ಬರೇ ವೆಸ್ಟ್ ಹೈಲ್ಯಾಂಡ್ ವೇ ಎಂಬ ದೂರದ ಕಾಲ್ನಡಿಗೆಯ ದಾರಿಯನ್ನು ನಡೆಯಬೇಕೆಂದುಕೊಂಡಿದ್ದೇವೆ. ಕೊಡಚಾದ್ರಿ, ಕುಮಾರ ಪರ್ವತಗಳನ್ನು ಹತ್ತಿದ ಅಭ್ಯಾಸವಿದೆ. ಅನುಭವಿಗಳು ದಯವಿಟ್ಟು ಮಾರ್ಗದರ್ಶನ ನೀಡಬೇಕು.

ಉತ್ತರ: ಕಡಲಂಚು

ತುಂಗಾತೀರ ಅವರೇ, ಹಿರಿಯರೊಂದಿಗೆ ನಡೆಯುವುದಕ್ಕೆ ನಾನು ಮೊದಲು ಹೇಳುವುದು ಫೈಫ್ ಕರಾವಳಿಯನ್ನೇ. ಫೈಫ್ ಕೋಸ್ಟಲ್ ಪಾತ್ ಎಂಬ ದಾರಿ ಕಿನ್‌ಕಾರ್ಡಿನ್‌ನಿಂದ ನ್ಯೂಬರೋವರೆಗೆ 117 ಮೈಲಿ ಉದ್ದವಿದೆ. ಅಷ್ಟನ್ನೂ ನಡೆಯಬೇಕಿಲ್ಲ. ಅದರಲ್ಲಿ ಈಸ್ಟ್ ನ್ಯೂಕ್ ಎಂದು ಕರೆಯುವ ಮೂಲೆಯ ಮೀನುಗಾರರ ಊರುಗಳು, ಅಂದರೆ ಈಲಿ, ಸೇಂಟ್ ಮೊನಾನ್ಸ್, ಪಿಟ್ಟನ್‌ವೀಮ್, ಆನ್‌ಸ್ಟ್ರುದರ್, ಕ್ರೇಲ್, ಒಂದರ ಪಕ್ಕದಲ್ಲೊಂದು ಇರುವುದರಿಂದ ಎಲ್ಲಿ ದಣಿವಾಯಿತೋ ಅಲ್ಲಿಯೇ ನಿಲ್ಲಿಸಿ ಬಸ್ಸು ಹಿಡಿಯಬಹುದು. ಮಂಡಿನೋವಿನ ಅಮ್ಮನನ್ನು ಕರೆದೊಯ್ಯುವಾಗ ದಾರಿಯ ಸೊಬಗಿಗಿಂತಲೂ ಮುಖ್ಯವಾದದ್ದು ಹೀಗೆ ನಡುವೆ ನಿಲ್ಲಿಸಲು ಸಾಧ್ಯವಿರುವುದು. ಅದೃಷ್ಟಕ್ಕೆ ಇಲ್ಲಿ ಎರಡೂ ಇವೆ.

ಈಲಿಯಿಂದ ಆನ್‌ಸ್ಟ್ರುದರ್‌ಗೆ ಸುಮಾರು 10 ಕಿಲೋಮೀಟರ್. ಹೇಳಿಕೊಳ್ಳುವಂಥ ಏರಿಳಿತವಿಲ್ಲ. ಪಾಳುಬಿದ್ದ ನ್ಯೂವಾರ್ಕ್ ಕೋಟೆಯನ್ನು ದಾಟಿದರೆ ಸೇಂಟ್ ಮೊನಾನ್ಸ್‌ನ ಹಳೆಯ ಚರ್ಚು ಸಮುದ್ರಕ್ಕೆ ಒತ್ತಿಕೊಂಡು ನಿಂತಿದೆ. ಅದರ ಆಚೆ, ಸಮುದ್ರದ ನೀರನ್ನು ಕಾಯಿಸಿ ಉಪ್ಪು ತೆಗೆಯುತ್ತಿದ್ದ ಕಾಲದ ಗಾಳಿಗಿರಣಿಯೊಂದು ಉಳಿದಿದೆ. ಪಿಟ್ಟನ್‌ವೀಮ್ ಬಂದರಿನಲ್ಲಿ ಇಂದಿಗೂ ಮೀನುದೋಣಿಗಳು ಬರುತ್ತವೆ. ಆನ್‌ಸ್ಟ್ರುದರ್‌ನ ಸ್ಕಾಟಿಷ್ ಮೀನುಗಾರಿಕೆ ವಸ್ತುಸಂಗ್ರಹಾಲಯಕ್ಕೆ ಸಾವಕಾಶವಾಗಿ ಸಮಯ ಕೊಡಿ. ಅಪ್ಪನಿಗೆ ಇನ್ನೂ ಹುಮ್ಮಸ್ಸಿದ್ದರೆ ಅಲ್ಲಿಂದ ಕೇಪ್ಲಿ ಗುಹೆಗಳ ಮೂಲಕ ಕ್ರೇಲ್‌ವರೆಗೆ ಇನ್ನೂ ಆರೂವರೆ ಕಿಲೋಮೀಟರ್ ನಡೆಯಬಹುದು, ಅಮ್ಮ ಬಸ್ಸಿನಲ್ಲಿ ಮುಂದೆ ಹೋಗಿ ಕಾಯಬಹುದು.

ಎಡಿನ್‌ಬರೋದಿಂದ ಲೆವೆನ್‌ಗೆ 2024ರ ಜೂನ್‌ನಿಂದ ಮತ್ತೆ ರೈಲು ಓಡುತ್ತಿದೆ; ಲೆವೆನ್‌ನಿಂದ ಸೇಂಟ್ ಆಂಡ್ರೂಸ್ ಕಡೆಗೆ ಈ ಊರುಗಳನ್ನು ಹಾದುಹೋಗುವ ಬಸ್ಸು ಸಿಗುತ್ತದೆ. ಅರವತ್ತು ದಾಟಿದವರಿಗೆ ಇಲ್ಲಿ ಬಸ್ಸು ಉಚಿತವೆಂದು ನೀವು ಕೇಳಿರಬಹುದು. ಆ ಸೌಲಭ್ಯ ಸ್ಕಾಟ್ಲೆಂಡಿನ ನಿವಾಸಿಗಳಿಗೆ ಮಾತ್ರ, ಭೇಟಿಗೆ ಬಂದವರಿಗೆ ಅನ್ವಯಿಸುವುದಿಲ್ಲ.

ಕರಾವಳಿಯಲ್ಲಿ ಗಡಿಯಾರದಷ್ಟೇ ಮುಖ್ಯವಾದದ್ದು ಉಬ್ಬರವಿಳಿತದ ಪಟ್ಟಿ. ಉಬ್ಬರ ದಿನಕ್ಕೆ ಎರಡು ಬಾರಿ ಬರುತ್ತದೆ, ಅದರ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ. ಆದ್ದರಿಂದ ಕಳೆದ ವಾರ ಹೋಗಿಬಂದವರ ಮಾತನ್ನು ನಂಬಿ ಹೊರಡಬಾರದು. ಈಲಿಯ ಪಶ್ಚಿಮಕ್ಕೆ ಬಂಡೆಗಳಿಗೆ ಸರಪಳಿ ಬಿಗಿದ ಚೈನ್ ವಾಕ್ ಎಂಬುದಿದೆ. ಅದು ಇಳಿತದ ಹೊತ್ತಿನಲ್ಲಿ, ಕೈಕಾಲು ಗಟ್ಟಿಯಿರುವವರಿಗೆ ಮಾತ್ರ, ನಿಮ್ಮ ತಂಡಕ್ಕೆ ಅಲ್ಲ. ನಿಮ್ಮ ಮನೆಗೆ ಹತ್ತಿರದ ಕ್ರಾಮಂಡ್ ದ್ವೀಪದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಇಳಿತದ ಹಿಂದೆ ಮುಂದೆ ಎರಡೆರಡು ಗಂಟೆ ಮಾತ್ರ ಅಲ್ಲಿನ ಕಾಲುದಾರಿ ಸುರಕ್ಷಿತ. ಸಿಕ್ಕಿಬಿದ್ದವರನ್ನು ಜೀವರಕ್ಷಕ ದೋಣಿಯವರು ಮತ್ತೆ ಮತ್ತೆ ಕರೆತರಬೇಕಾಗುತ್ತದೆ.

ಬಿಸಿಲಿದೆಯೆಂದು ಅಮ್ಮನಿಗೆ ತೆಳುವಾದ ಸ್ವೆಟರ್ ಹಾಕಿಸಿ ಕರೆದೊಯ್ಯಬೇಡಿ. ಮೇ ತಿಂಗಳಲ್ಲಿ ಪೂರ್ವ ಕರಾವಳಿಗೆ ಸಮುದ್ರದಿಂದ ‘ಹಾರ್’ ಎಂಬ ತಣ್ಣನೆಯ ಮಂಜು ನುಗ್ಗುವುದುಂಟು, ಒಳನಾಡಿನಲ್ಲಿ ಒಳ್ಳೆಯ ಬಿಸಿಲಿದ್ದ ದಿನವೂ.

ಉತ್ತರ: ನಕ್ಷೆ ಮತ್ತು ನಡಿಗೆ

ಕಡಲಂಚು ಅವರು ದಾರಿಯನ್ನು ವಿವರಿಸಿದ್ದಾರೆ, ನಾನು ಕೈಪಿಡಿಗಳ ಬಗ್ಗೆ ಬರೆಯುತ್ತೇನೆ. ‘ಸ್ಕಾಟ್ಲೆಂಡಿನ ಅತ್ಯುತ್ತಮ ನಡಿಗೆಗಳು’ ಎಂಬ ಬಗೆಯ ದೊಡ್ಡ ಚಿತ್ರಪುಸ್ತಕವನ್ನು ಈಗ ಕೊಳ್ಳಬೇಡಿ. ಅಂಥದ್ದರಲ್ಲಿ ಒಂದು ನಡಿಗೆ ಸ್ಕೈ ದ್ವೀಪದಲ್ಲಿದ್ದರೆ ಇನ್ನೊಂದು ಗ್ಯಾಲೋವೇಯಲ್ಲಿರುತ್ತದೆ. ಕಾರಿಲ್ಲದ ನಿಮಗೆ ಅದರಲ್ಲಿ ಕೈಗೆಟಕುವುದು ಬಹಳ ಕಡಿಮೆ. ಮೊದಲು ಪ್ರದೇಶವನ್ನು ನಿಶ್ಚಯಿಸಿಕೊಂಡು, ಆ ಒಂದು ಪ್ರದೇಶಕ್ಕೆ ಮೀಸಲಾದ ಚಿಕ್ಕ ಪುಸ್ತಕವನ್ನು ಕೊಳ್ಳಿ.

ಹಿರಿಯರೊಂದಿಗಿನ ಸಣ್ಣ ನಡಿಗೆಗಳಿಗೆ ಪಾಕೆಟ್ ಮೌಂಟನ್ಸ್ ಪ್ರಕಾಶನದ ಜೇಬುಗಾತ್ರದ ಪುಸ್ತಕಗಳು ಹೇಳಿ ಮಾಡಿಸಿದಂತಿವೆ. ಒಂದೊಂದು ಪ್ರದೇಶಕ್ಕೆ ನಲವತ್ತು ನಡಿಗೆಗಳು, ಒಂದೊಂದಕ್ಕೂ ಪುಟ್ಟ ನಕ್ಷೆ. ಸಿಸೆರೋನ್ ಪ್ರಕಾಶನದ ಕೈಪಿಡಿಗಳು ಇನ್ನೂ ವಿಸ್ತಾರವಾಗಿವೆ. ಬ್ರಿಟನ್ನಿನ ಅಧಿಕೃತ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ನಕ್ಷೆಯ ತುಣುಕುಗಳನ್ನೇ ಅಚ್ಚು ಹಾಕಿರುತ್ತಾರೆ, ಪುಸ್ತಕ ಹೊರಬಂದ ಮೇಲೆ ದಾರಿಯಲ್ಲಿ ಆದ ಬದಲಾವಣೆಗಳನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸುತ್ತಾರೆ. ಹಲವು ದಿನಗಳ ದಾರಿಗಳಿಗೆ ರಕ್‌ಸ್ಯಾಕ್ ರೀಡರ್ಸ್‌ನ ಪುಸ್ತಕಗಳ ಕಾಗದ ಮಳೆಗೆ ಹಾಳಾಗದು, ಇದು ಸ್ಕಾಟ್ಲೆಂಡಿನಲ್ಲಿ ಸಣ್ಣ ಗುಣವಲ್ಲ. ಟ್ರೇಲ್‌ಬ್ಲೇಜರ್‌ನವರು ಕೈಯಿಂದ ಬರೆದ ನಕ್ಷೆಗಳ ಮೇಲೆಯೇ ಎಲ್ಲಿ ಗೇಟು, ಎಲ್ಲಿ ಸೇತುವೆ, ಎಲ್ಲಿ ವಸತಿ ಎಂದು ಗುರುತಿಸಿರುತ್ತಾರೆ. ಸ್ಕಾಟಿಷ್ ಮೌಂಟನಿಯರಿಂಗ್ ಕ್ಲಬ್ಬಿನ ಪುಸ್ತಕಗಳಿಗೆ ನನ್ನ ಅಪಾರ ಗೌರವವಿದೆ, ಆದರೆ ಅವು ಪರ್ವತ ಏರುವವರಿಗೆ. 3,000 ಅಡಿ ಮೀರಿದ 282 ಮನ್ರೋ ಶಿಖರಗಳ ಮೋಹ ನಿಮಗೆ ಹತ್ತಿದ ದಿನ ಅವುಗಳನ್ನು ಕೊಂಡರಾಯಿತು.

ಅಂಗಡಿಯಲ್ಲಿ ಪುಸ್ತಕವನ್ನು ಕೈಗೆತ್ತಿಕೊಂಡಾಗ ಮುಖಪುಟದ ಚಿತ್ರವನ್ನು ಬಿಟ್ಟು ಯಾವುದಾದರೊಂದು ನಡಿಗೆಯನ್ನು ಪೂರ್ತಿ ಓದಿ ನೋಡಿ. ದೂರವನ್ನು ಎಲ್ಲರೂ ಕೊಡುತ್ತಾರೆ. ಒಟ್ಟು ಏರಿಕೆ ಎಷ್ಟು, ನೆಲ ಎಂಥದು, ಆರಂಭದ ಸ್ಥಳಕ್ಕೆ ಬಸ್ಸಿದೆಯೇ, ಮರಳುವುದು ಹೇಗೆ, ದಾರಿಯ ಯಾವ ಭಾಗ ಉಬ್ಬರದಲ್ಲಿ ಮುಳುಗುತ್ತದೆ ಎಂಬುದನ್ನು ಹೇಳಿದ್ದರೆ ಅದು ನಡೆದವರೇ ಬರೆದ ಪುಸ್ತಕ. ಮುದ್ರಣದ ವರ್ಷವನ್ನೂ ನೋಡಿ. ಗ್ರಂಥಾಲಯದಿಂದ ಎರವಲು ತಂದು ಓದಿ ಆಮೇಲೆ ಕೊಳ್ಳುವುದು ಒಳ್ಳೆಯ ಕ್ರಮ, ಆದರೆ ಹಳೆಯ ಮುದ್ರಣದಲ್ಲಿರುವ ಬಸ್ಸಿನ ವಿವರಗಳನ್ನು ಮಾತ್ರ ನಂಬಬೇಡಿ. ವಾಕ್‌ಹೈಲ್ಯಾಂಡ್ಸ್ ಎಂಬ ಉಚಿತ ಜಾಲತಾಣದಲ್ಲಿ ಪ್ರತಿಯೊಂದು ನಡಿಗೆಗೂ ಕಷ್ಟದ ಮಟ್ಟದ ಜೊತೆಗೆ ಕೆಸರಿನ ಮಟ್ಟವನ್ನೂ ಸೂಚಿಸಿರುತ್ತಾರೆ. ಅಮ್ಮನಿರುವಾಗ ಕೆಸರಿನ ಅಂಕವನ್ನೇ ಮೊದಲು ನೋಡಿ.

ಪುಸ್ತಕಗಳಲ್ಲಿ ಕೊಡುವ ಸಮಯದ ಹಿಂದೆ ಸಾಮಾನ್ಯವಾಗಿ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ ಸೂತ್ರವಿರುತ್ತದೆ: ಗಂಟೆಗೆ ಮೂರು ಮೈಲಿ, ಜೊತೆಗೆ ಪ್ರತಿ 2,000 ಅಡಿ ಏರಿಕೆಗೆ ಇನ್ನೊಂದು ಗಂಟೆ. ಅದರಲ್ಲಿ ಊಟಕ್ಕೂ ವಿಶ್ರಾಂತಿಗೂ ಸಮಯ ಸೇರಿಲ್ಲ, ಇಳಿಯುವಾಗ ನೋಯುವ ಮಂಡಿಯ ಲೆಕ್ಕವಂತೂ ಇಲ್ಲವೇ ಇಲ್ಲ. ಹಿರಿಯರಿದ್ದಾಗ ಅರ್ಧದಷ್ಟು ಹೆಚ್ಚಿಗೆ ಸೇರಿಸಿಕೊಳ್ಳಿ.

ಕಾಗದದ ನಕ್ಷೆ ಬೇಕೇ ಎಂದು ಕೇಳಿದ್ದೀರಿ. ಬೇಕು. ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆ 1:25,000 ಪ್ರಮಾಣದ್ದು, ಹೊಲದ ಗೋಡೆಗಳೂ ಅದರಲ್ಲಿ ಕಾಣುತ್ತವೆ. ಲ್ಯಾಂಡ್‌ರೇಂಜರ್ 1:50,000 ಪ್ರಮಾಣದ್ದು. ಈಸ್ಟ್ ನ್ಯೂಕ್‌ಗೆ ಎಕ್ಸ್‌ಪ್ಲೋರರ್ 371 ಸಾಕು. ಇಂಗ್ಲೆಂಡಿನ ನಕ್ಷೆಗಳಲ್ಲಿ ಸಾರ್ವಜನಿಕ ಹಕ್ಕಿನ ಕಾಲುದಾರಿಗಳನ್ನು ಬೇರೆಯಾಗಿಯೇ ಗುರುತಿಸಿರುತ್ತಾರೆ, ಸ್ಕಾಟ್ಲೆಂಡಿನ ನಕ್ಷೆಗಳಲ್ಲಿ ಹಾಗೆ ಗುರುತಿಸುವುದಿಲ್ಲ. ನಕ್ಷೆಯಲ್ಲಿ ಕಂಡ ಚುಕ್ಕೆಗೆರೆ ನೆಲದ ಮೇಲೆ ಒಳ್ಳೆಯ ದಾರಿಯಾಗಿರಬಹುದು, ಹುಲ್ಲಿನಲ್ಲಿ ಕರಗಿಹೋಗಿರಲೂಬಹುದು. ಈ ಕಾರಣದಿಂದಲೇ ಇಲ್ಲಿ ಕೈಪಿಡಿಯೂ ನಕ್ಷೆಯೂ ಒಂದಕ್ಕೊಂದು ಪೂರಕ. ಫೋನನ್ನು ಖಂಡಿತ ಬಳಸಿ, ಆದರೆ ಸಿಗ್ನಲ್ಲೂ ಬ್ಯಾಟರಿಯೂ ಕೈಕೊಡುವ ಜಾಗಗಳು ಹೈಲ್ಯಾಂಡ್ಸ್‌ನಲ್ಲಿ ಬಹಳ.

ಪ್ರಶ್ನೆ ಕೇಳಿದವರು: ತುಂಗಾತೀರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೊಂದು ಸಂದೇಹ. ನಮ್ಮ ಕಡೆ ಕುಮಾರ ಪರ್ವತಕ್ಕೆ ಹೋಗಬೇಕೆಂದರೂ ಅರಣ್ಯ ಇಲಾಖೆಯ ಅನುಮತಿ ಬೇಕು. ಇಲ್ಲಿ ದಾರಿಗಳು ಖಾಸಗಿ ಹೊಲಗಳ ನಡುವೆಯೇ ಹೋಗುತ್ತವೆ. ಬೇರೆಯವರ ಜಮೀನಿನ ಗೇಟು ತೆಗೆದು ಒಳಗೆ ಹೋಗುವುದೆಂದರೆ ಅಪ್ಪ ಒಪ್ಪುವವರಲ್ಲ. ಅವರಿಗೆ ಏನೆಂದು ಹೇಳಲಿ?

ಉತ್ತರ: ಬೇಲಿಯಾಚೆ

ತಮ್ಮ ತಂದೆಯವರ ಸಂಕೋಚ ಸಹಜವಾದದ್ದು. ತೋಟ ಮಾಡಿದವರಿಗೆ ಬೇಲಿಯ ಬೆಲೆ ಗೊತ್ತಿರುತ್ತದೆ. ಅವರಿಗೆ ಹೀಗೆ ಹೇಳಿ: ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆಯು ಬಹುತೇಕ ಎಲ್ಲ ನೆಲ ಮತ್ತು ಒಳನಾಡಿನ ಜಲಪ್ರದೇಶಗಳ ಮೇಲೆ ಎಲ್ಲರಿಗೂ ಓಡಾಡುವ ಹಕ್ಕನ್ನು ಕೊಟ್ಟಿದೆ, ಅದು ಖಾಸಗಿ ನೆಲವಾದರೂ ಸರಿ. 2005ರ ಫೆಬ್ರವರಿಯಿಂದ ಜಾರಿಯಲ್ಲಿರುವ ಈ ಹಕ್ಕು ಜವಾಬ್ದಾರಿಯಿಂದ ನಡೆದುಕೊಳ್ಳುವವರಿಗೆ ಮಾತ್ರ ಸಲ್ಲುತ್ತದೆ. ಹೇಗೆ ನಡೆದುಕೊಳ್ಳಬೇಕೆಂಬುದನ್ನು ಸ್ಕಾಟಿಷ್ ಔಟ್‌ಡೋರ್ ಆಕ್ಸೆಸ್ ಕೋಡ್ ಎಂಬ ಸಂಹಿತೆ ವಿವರಿಸುತ್ತದೆ. ಅದು ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಅಪ್ಪನಿಗೆ ಓದಿ ಹೇಳಿ.

ಮನೆಯ ಅಂಗಳ, ಕೈತೋಟ, ಶಾಲೆಯ ಆವರಣಗಳಿಗೆ ಈ ಹಕ್ಕು ಅನ್ವಯಿಸುವುದಿಲ್ಲ. ಬೆಳೆ ನಿಂತ ಹೊಲದಲ್ಲಿ ಬದುವಿನ ಮೇಲೆ ನಡೆಯಬೇಕು. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಬೇಕು, ತೆರೆದಿದ್ದರೆ ತೆರೆದೇ ಬಿಡಬೇಕು, ಏಕೆಂದರೆ ದನಕುರಿಗಳಿಗೆ ನೀರಿಗೆ ಹೋಗಲು ರೈತ ಬೇಕೆಂದೇ ತೆರೆದಿಟ್ಟಿರಬಹುದು. ಮೇ ತಿಂಗಳಲ್ಲಿ ಎಳೆಯ ಕುರಿಮರಿಗಳಿರುತ್ತವೆ, ಮುದ್ದಾಗಿವೆಯೆಂದು ಹತ್ತಿರ ಹೋಗಬಾರದು. ಕರು ಇರುವ ಹಸುಗಳಿಂದ ದೂರವಿರಿ; ಅಗತ್ಯವಾದರೆ ಪಕ್ಕದ ಹೊಲದಿಂದ ಸುತ್ತಿಕೊಂಡು ಹೋಗಿ. ಊರಿನಲ್ಲಿ ದನಗಳೊಂದಿಗೆ ಬೆಳೆದವರು ಇಲ್ಲಿಯೂ ಸಲಿಗೆಯಿಂದ ಮೈದಡವಲು ಹೋಗುವುದುಂಟು. ಆದರೆ ಇಲ್ಲಿಯ ಮಾಂಸದ ತಳಿಯ ಹಸುಗಳು ಮನುಷ್ಯರ ಒಡನಾಟಕ್ಕೆ ಒಗ್ಗಿದವಲ್ಲ.

ಉತ್ತರ: ರಾನಕ್ ಬಯಲು

ವೆಸ್ಟ್ ಹೈಲ್ಯಾಂಡ್ ವೇ ಬಗ್ಗೆ ಯಾರೂ ಬರೆಯದ ಕಾರಣ ನಾನು ಬರೆಯುತ್ತಿದ್ದೇನೆ. ಗ್ಲಾಸ್ಗೋ ಪಕ್ಕದ ಮಲ್‌ಗಾಯ್‌ನಿಂದ ಫೋರ್ಟ್ ವಿಲಿಯಂವರೆಗೆ 96 ಮೈಲಿ, ಅಂದರೆ 154 ಕಿಲೋಮೀಟರ್ ಉದ್ದದ ಈ ದಾರಿ 1980ರಲ್ಲಿ ತೆರೆಯಿತು. ಸ್ಕಾಟ್ಲೆಂಡಿನ ಮೊದಲ ಅಧಿಕೃತ ದೂರದಾರಿ ಇದೇ. ಹೆಚ್ಚಿನವರು ಏಳೆಂಟು ದಿನಗಳಲ್ಲಿ ಮುಗಿಸುತ್ತಾರೆ. ಕುಮಾರ ಪರ್ವತ ಹತ್ತಿದವರಿಗೆ ಇದರ ಏರು ದೊಡ್ಡದೆನಿಸದು, ಇಡೀ ದಾರಿಯ ಅತಿ ಎತ್ತರದ ಸ್ಥಳವಾದ ಡೆವಿಲ್ಸ್ ಸ್ಟೇರ್‌ಕೇಸ್ 548 ಮೀಟರ್ ಅಷ್ಟೇ. ಕಷ್ಟವಿರುವುದು ಬೇರೆ ಕಡೆ. ಒದ್ದೆ ಬಟ್ಟೆಯಲ್ಲಿ, ಗಾಳಿಗೆ ಎದುರಾಗಿ, ಮರುದಿನವೂ ಅದರ ಮರುದಿನವೂ ಇಪ್ಪತ್ತು ಕಿಲೋಮೀಟರ್ ನಡೆಯುವುದಕ್ಕೆ ನಮ್ಮ ಒಂದೆರಡು ದಿನದ ಚಾರಣಗಳು ದೇಹವನ್ನು ಸಿದ್ಧಗೊಳಿಸಿರುವುದಿಲ್ಲ. ಲಾಕ್ ಲೋಮಂಡ್ ಸರೋವರದ ದಂಡೆಯಲ್ಲಿ ಇನ್ವರ್‌ಸ್ನೇಡ್‌ನಿಂದ ಉತ್ತರಕ್ಕೆ ಬಂಡೆ, ಬೇರುಗಳ ನಡುವೆ ಹೆಜ್ಜೆ ಹುಡುಕಬೇಕು. ನಕ್ಷೆಯಲ್ಲಿ ಸಪಾಟಾಗಿ ಕಾಣುವ ಈ ಭಾಗವೇ ಹಲವರನ್ನು ಹೆಚ್ಚು ದಣಿಸುತ್ತದೆ.

ಆದ್ದರಿಂದ ಈ ವರ್ಷ ಪೂರ್ತಿ ದಾರಿಯನ್ನು ಹಿಡಿಯದೆ, ಉತ್ತರದ ಮೂರು ದಿನಗಳ ಭಾಗವನ್ನಷ್ಟೇ ನಡೆಯಿರಿ ಎಂಬುದು ನನ್ನ ಸಲಹೆ. ಗ್ಲಾಸ್ಗೋದಿಂದ ರೈಲಿನಲ್ಲಿ ಬ್ರಿಜ್ ಆಫ್ ಆರ್ಕಿಗೆ ಬನ್ನಿ. ಮೊದಲ ದಿನ ರಾನಕ್ ಮೂರ್ ಎಂಬ ಬಯಲಿನ ಅಂಚಿನಲ್ಲಿ ಕಿಂಗ್ಸ್‌ಹೌಸ್‌ವರೆಗೆ ಸುಮಾರು 20 ಕಿಲೋಮೀಟರ್, ಎರಡನೆಯ ದಿನ ಗ್ಲೆನ್‌ಕೋದ ಪರ್ವತಗಳನ್ನು ನೋಡುತ್ತಾ ಡೆವಿಲ್ಸ್ ಸ್ಟೇರ್‌ಕೇಸ್ ದಾಟಿ ಕಿನ್‌ಲಾಕ್‌ಲೆವೆನ್‌ಗೆ 14, ಮೂರನೆಯ ದಿನ ಫೋರ್ಟ್ ವಿಲಿಯಂಗೆ 24. ಅಲ್ಲಿಂದ ಮತ್ತೆ ರೈಲು. ಈ ದಾರಿಯ ಅತ್ಯಂತ ಗಂಭೀರವಾದ ನೋಟಗಳು ಈ ಭಾಗದಲ್ಲಿಯೇ ಇವೆ. ರಾನಕ್ ಮೂರ್‌ನಲ್ಲಿ ಮಳೆ ಬಂದರೆ ನಿಲ್ಲಲು ಮರವೂ ಇಲ್ಲ, ಮಳೆಯಂಗಿಯೊಂದಿಗೆ ಮಳೆಪ್ಯಾಂಟನ್ನೂ ಒಯ್ಯಲೇಬೇಕು.

ಕಿಂಗ್ಸ್‌ಹೌಸ್‌ನಲ್ಲಿ ತಂಗುವ ಜಾಗಗಳು ತೀರ ಕಡಿಮೆ. ಅಲ್ಲಿ ಕೋಣೆ ಸಿಗುವ ದಿನವನ್ನು ನೋಡಿಕೊಂಡು ಉಳಿದ ದಿನಗಳನ್ನು ಹೊಂದಿಸಿಕೊಳ್ಳಿ, ತಿಂಗಳುಗಳ ಮುಂಚೆಯೇ. ಚೀಲಗಳನ್ನು ಒಂದು ತಂಗುದಾಣದಿಂದ ಮುಂದಿನದಕ್ಕೆ ಸಾಗಿಸುವ ಸೇವೆಯೂ ಇದೆ. ಮುಂದೆಂದಾದರೂ ಗುಡಾರದೊಂದಿಗೆ ಪೂರ್ತಿ ದಾರಿ ನಡೆಯುವುದಾದರೆ, ಲಾಕ್ ಲೋಮಂಡ್‌ನ ಪೂರ್ವ ದಂಡೆಯ ಕೆಲವು ಭಾಗಗಳಲ್ಲಿ ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಗುಡಾರ ಹಾಕಲು ಪರವಾನಗಿ ಬೇಕೆಂಬುದನ್ನು ಮರೆಯದಿರಿ.

ಸೆಪ್ಟೆಂಬರಿನ ಕೊನೆಯ ಭಾಗವನ್ನು ಆರಿಸಿಕೊಂಡರೆ ಮಿಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚುವ ನೊಣಗಳ ಕಾಟ ಕಡಿಮೆಯಾಗಿರುತ್ತದೆ. ಮಲೆನಾಡಿನ ಇಂಬಳಕ್ಕೆ ಅಂಜದವರೂ ಬೇಸಿಗೆಯ ಸಂಜೆ ಇವುಗಳಿಗೆ ಸೋಲುತ್ತಾರೆ. ರಕ್ತ ಹೀರುವ ಉಣ್ಣಿಯ (ಟಿಕ್) ವಿಷಯದಲ್ಲಿ ಮಾತ್ರ ಯಾವ ತಿಂಗಳೂ ಅಲಕ್ಷ್ಯ ಬೇಡ. ಲೈಮ್ ಕಾಯಿಲೆ ಅದರಿಂದ ಹರಡುತ್ತದೆ, ಪ್ರತಿ ಸಂಜೆ ಕಾಲು, ತೊಡೆಸಂದು, ಕಂಕುಳುಗಳನ್ನು ಪರೀಕ್ಷಿಸಿಕೊಳ್ಳಿ.

ನೀವು ಸಸ್ಯಾಹಾರಿಗಳಾದರೆ ನಡುದಾರಿಯಲ್ಲಿ ಮಧ್ಯಾಹ್ನದ ಊಟ ಸಿಗುತ್ತದೆಂದು ನೆಚ್ಚಿಕೊಳ್ಳಬೇಡಿ. ಚಪಾತಿ, ಚಟ್ನಿಪುಡಿ, ಒಗ್ಗರಣೆ ಹಾಕಿದ ಅವಲಕ್ಕಿ ಹಗುರವಾಗಿಯೂ ಇರುತ್ತವೆ, ಕೆಡುವುದೂ ಇಲ್ಲ.

ಉತ್ತರ: ಕಡಲಂಚು

ರಾನಕ್ ಬಯಲು ಅವರ ಮೂರು ದಿನಗಳ ಯೋಜನೆಯನ್ನು ನಾನೂ ಒಪ್ಪುತ್ತೇನೆ. ಹಿರಿಯರ ನಡಿಗೆಗೆ ಸಂಬಂಧಿಸಿ ಒಂದು ಮಾತು ಬಿಟ್ಟುಹೋಗಿತ್ತು. ಕೆಲವು ಕೈಪಿಡಿಗಳು ಕ್ರೇಲ್‌ನಿಂದ ಸೇಂಟ್ ಆಂಡ್ರೂಸ್‌ವರೆಗಿನ ಭಾಗವನ್ನೂ ಅದೇ ಉಸಿರಿನಲ್ಲಿ ಹೊಗಳುತ್ತವೆ. ಅದು 20 ಕಿಲೋಮೀಟರಿಗೂ ಹೆಚ್ಚು ದೂರ, ನಡುವೆ ದಂಡೆಯ ಮೇಲೆ ಊರುಗಳಿಲ್ಲ, ನೆಲ ಒರಟು, ಕೆಲವು ಕಡೆ ಉಬ್ಬರದ ಹೊತ್ತಿನಲ್ಲಿ ದಾಟಲಾಗದು. ಆ ಭಾಗವನ್ನು ನೀವಿಬ್ಬರೇ ಇನ್ನೊಮ್ಮೆ ನಡೆಯಿರಿ. ಅಪ್ಪ ಅಮ್ಮನನ್ನು ಕ್ರೇಲ್ ಬಂದರಿನಿಂದ ಬಸ್ಸಿನಲ್ಲೇ ಸೇಂಟ್ ಆಂಡ್ರೂಸ್‌ಗೆ ಕರೆದೊಯ್ದು, ಸಮೀಪದ ಲೂಕರ್ಸ್ ನಿಲ್ದಾಣದಿಂದ ಎಡಿನ್‌ಬರೋ ರೈಲು ಹಿಡಿಯಿರಿ. ದಿನಾಂಕ ನಿಶ್ಚಯವಾದ ಮೇಲೆ ಇಲ್ಲಿ ತಿಳಿಸಿದರೆ ಆ ದಿನದ ಉಬ್ಬರವಿಳಿತವನ್ನು ನೋಡಿ ಈಲಿಯಿಂದ ಎಷ್ಟು ಹೊತ್ತಿಗೆ ಹೊರಡಬೇಕೆಂದು ಹೇಳುತ್ತೇನೆ.