ಬಾಂಬ್ ಟೆಸ್ಟಿನ ಬೂದಿ ನಮ್ಮ ತೋಟಕ್ಕೂ ಬರುತ್ತಾ? ಸಾರ್ ಹತ್ರ ಕೇಳಿ

ಅಡ್ಮಿನ್: ವಿಕಿರಣ ಅಳೆಯೋ ಕೆಲಸದಿಂದ ರಿಟೈರ್ ಆಗಿ ಚಿಕ್ಕಮಗಳೂರಲ್ಲಿರೋ ಸಾರ್ ಇವತ್ತು ಉತ್ತರ ಕೊಡ್ತಾರೆ. ಕಾಫಿ ರೇಟ್ ಬೇಡ.

ಮೂಡಿಗೆರೆ ತೋಟ: ನಮಸ್ಕಾರ ಸಾರ್. ಎಲ್ಲೋ ಬಾಂಬ್ ಟೆಸ್ಟ್ ಆದ್ರೆ ಬೂದಿ ಮಳೆ ಜೊತೆ ಕಾಫಿ ಗಿಡದ ಮೇಲೆ ಬೀಳುತ್ತೆ, ಉಪ್ಪು ಜಾಸ್ತಿ ತಿನ್ನಿ, ಬೆಟಾಡಿನ್ ಹಚ್ಚಿ ಅಂತ ಫಾರ್ವರ್ಡ್ ಬಂದಿದೆ, ನಿಜನಾ?

ಸಾರ್: ನಮಸ್ಕಾರ. ಬಯಲಲ್ಲಿ ಕೊನೇ ಟೆಸ್ಟ್ ಮಾಡಿದ್ದು ಚೀನಾ, 1980 ಅಕ್ಟೋಬರಲ್ಲಿ. ಆಮೇಲಿನದೆಲ್ಲ ನೆಲದಡಿ. ವಿಕಿರಣದ ಅಯೋಡಿನ್ ಥೈರಾಯ್ಡಿಗೆ ಸೇರದಂಗೆ ಕೊಡೋ ಅಯೋಡಿನ್ ಮಾತ್ರೇಲಿ ಸುಮಾರು 100 ಮಿಲಿಗ್ರಾಂ ಅಯೋಡಿನ್ ಇರುತ್ತೆ, ಉಪ್ಪಲ್ಲಿ ಅಷ್ಟು ಸಿಗ್ಬೇಕಂದ್ರೆ 6-7 ಕೆಜಿ ತಿನ್ಬೇಕು. ಬೆಟಾಡಿನಲ್ಲೂ ಅಯೋಡಿನ್ ಇದೆ, ಆದ್ರೆ ಅದು ಗಾಯಕ್ಕೆ ಹಚ್ಚೋದು.

ಬೇಲೂರು: ಮಗಳು ಹತ್ತನೇ ಕ್ಲಾಸು ಸಾರ್. ಯಾರಾದ್ರೂ ಗುಟ್ಟಾಗಿ ಟೆಸ್ಟ್ ಮಾಡಿದ್ರೆ ಹೊರಗಿನವರಿಗೆ ಹೆಂಗೆ ಗೊತ್ತಾಗುತ್ತೆ ಅಂತಾಳೆ.

ಸಾರ್: ಅವಳಿಗೆ ಇದನ್ನ ಓದಿ ಹೇಳಿ. 1949 ಆಗಸ್ಟ್ 29ಕ್ಕೆ ಸೋವಿಯತ್‌ನವರು ಮೊದಲ ಬಾಂಬ್ ಯಾರಿಗೂ ಹೇಳದೆ ಸಿಡಿಸಿದ್ರು. ಸೆಪ್ಟೆಂಬರ್ 3ಕ್ಕೆ ಜಪಾನಿಂದ ಅಲಾಸ್ಕಾಗೆ ಹಾರ್ತಿದ್ದ ಅಮೆರಿಕದ ಹವಾಮಾನ ವಿಮಾನದಲ್ಲಿ ಫಿಲ್ಟರ್ ಪೇಪರ್ ಇಟ್ಟಿದ್ರು, ಗಾಳಿ ಅದರ ಮೂಲಕ ಹಾಯ್ದಾಗ ಧೂಳು ಕೂತ್ಕೊಳ್ತು, ಇಳಿದ್ಮೇಲೆ ವಿಕಿರಣ ಅಳೆಯೋ ಕೌಂಟರ್ ಹಿಡಿದ್ರೆ ಮಾಮೂಲಿಗಿಂತ ಜಾಸ್ತಿ. ಬಾಂಬ್ ಸಿಡಿದಾಗ ಹುಟ್ಟೋ ವಿಕಿರಣ ವಸ್ತುಗಳಲ್ಲಿ ಬೇರಿಯಂ-140 ಸುಮಾರು 13 ದಿನಕ್ಕೆ ಅರ್ಧ ಆಗುತ್ತೆ, ಜಿರ್ಕೋನಿಯಂ-95ಕ್ಕೆ ಸುಮಾರು 64 ದಿನ ಬೇಕು, ಇಂಥ ಎರಡನ್ನ ಹೋಲಿಸಿದ್ರೆ ಹಿಂದಕ್ಕೆ ಲೆಕ್ಕ ಹಾಕಿ ಸಿಡಿದ ದಿನ ಹಿಡಿಬಹುದು. ಸೆಪ್ಟೆಂಬರ್ 23ಕ್ಕೆ ಅಮೆರಿಕದ ಅಧ್ಯಕ್ಷ ಟ್ರೂಮನ್ ಲೋಕಕ್ಕೆಲ್ಲ ಹೇಳಿದ್ರು.

ಹಡಗಿನ ಕಥೆ ನನಗೆ ಇನ್ನೂ ಸಂಕಟ. 1954 ಮಾರ್ಚ್ 1ಕ್ಕೆ ಪೆಸಿಫಿಕ್ ಸಮುದ್ರದ ಬಿಕಿನಿ ದ್ವೀಪದಲ್ಲಿ ಅಮೆರಿಕದ 15 ಮೆಗಾಟನ್ ಬಾಂಬ್ ಸಿಡಿದಾಗ ಜಪಾನಿನ ಮೀನು ದೋಣೀಲಿದ್ದ 23 ಜನರ ಮೇಲೆ ಬಿಳೀ ಬೂದಿ ಸುರೀತು, ಅದರಲ್ಲಿ ರೇಡಿಯೋ ನೋಡ್ಕೊಳ್ತಿದ್ದ ಕುಬೊಯಾಮ ಸೆಪ್ಟೆಂಬರಲ್ಲಿ ತೀರ್ಕೊಂಡ್ರು. ಆ ಬೂದಿನ ಟೋಕಿಯೋದಲ್ಲಿ ಪರೀಕ್ಷೆ ಮಾಡಿದ ವಿಜ್ಞಾನಿ ಕಿಮುರಾಗೆ ಯುರೇನಿಯಂ-237 ಸಿಕ್ತು, ಬಾಂಬಿನೊಳಗೆ ಏನಿತ್ತು ಅನ್ನೋ ಗುಟ್ಟು ಅಲ್ಲಿಂದಾನೇ ಹೊರಬಿತ್ತು. ಸಮುದ್ರದಲ್ಲಿ ಎಲ್ಲಾ ಕರಗಿಹೋಗುತ್ತೆ ಅಂತ ಅಮೆರಿಕದವರು ಹೇಳ್ತಿದ್ರು, ಮೇ ತಿಂಗಳಲ್ಲಿ ಶುಂಕೊತ್ಸು ಮಾರು ಅನ್ನೋ ಜಪಾನಿನ ಹಡಗು ಹೋಗಿ ನೀರು, ಮೀನು ಎಲ್ಲಾ ಅಳೆದ್ರೆ ಕರಗಿರ್ಲಿಲ್ಲ.

ಆಲ್ದೂರು: ಬೆಟಾಡಿನ್ ಕುತ್ತಿಗೆಗೆ ಹಚ್ಚಬಹುದಾ ಸಾರ್?

ಸಾರ್: ಬೇಡ. ಮೇಲೆ ಹೇಳಿದೀನಿ.

ಕೊಪ್ಪ: ಬಾಂಬ್ ಬಿಡಿ ಮಾರಾಯ್ರೆ, ಕೈಗಾ ಪಕ್ಕದಲ್ಲೇ ಇದೆಯಲ್ಲ.

ಅರಸೀಕೆರೆ: ಕೈಗಾದಲ್ಲಿ ಬಾಂಬ್ ಸಿಡಿಸ್ತಾರಾ? ಅದು ಕರೆಂಟ್ ಮಾಡೋ ಜಾಗ.

ಕೊಪ್ಪ: ನಾನೆಲ್ಲಿ ಬಾಂಬ್ ಅಂದೆ? ಓದಕ್ಕೆ ಬರಲ್ವಾ?

ಅರಸೀಕೆರೆ: ಹೆದರಿಸೋದು ಬಿಟ್ಟು ಬೇರೆ ಕೆಲ್ಸ ನೋಡ್ಕೊಳ್ಳಿ.

ಹಾಸನ: ನಮ್ಮೂರಿನ ಎಂಸಿಎಫ್ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ದೊಡ್ಡ ಡಿಶ್‌ಗಳಿಂದಾನೂ ವಿಕಿರಣ ಬರುತ್ತಾ ಸಾರ್?

ಬಾಳೆಹೊನ್ನೂರು: ಮಳೆ ನೀರಿನ ಟ್ಯಾಂಕ್ ಮುಚ್ಬೇಕಾ? ಎರಡ್ಸಲ ಕೇಳಿದೀನಿ.

ಆಲೂರು: ಅಮ್ಮಂಗೆ ಥೈರಾಯ್ಡ್ ಇದೆ ಸಾರ್, ಆ ಫಾರ್ವರ್ಡ್ ನೋಡಿ ಬೆಳಿಗ್ಗೆಯಿಂದ ನೀರಿಗೆ ಬೆಟಾಡಿನ್ ಹಾಕಿ ಎರಡ್ಸಲ ಕುಡಿಸಿದೀನಿ. ಎದೆ ಢವಢವ ಅಂತಿದೆ ಅಂತಾರೆ.

ಸಾರ್: ಈಗ್ಲೇ ನಿಲ್ಸಿ. ನಾನು ಡಾಕ್ಟರ್ ಅಲ್ಲ. ಬಾಟಲಿ ಕೈಲಿ ಹಿಡ್ಕೊಂಡು ಆಸ್ಪತ್ರೆಗೆ ಹೋಗಿ, ಎಷ್ಟು ಹಾಕಿದ್ರಿ ಅಂತ ಮುಚ್ಚಿಡದೆ ಹೇಳಿ. ಆ ಮೆಸೇಜ್ ಯಾರು ಹಾಕಿದ್ರೋ ಈಗ್ಲೇ ಡಿಲೀಟ್ ಮಾಡಿ, ಎಷ್ಟು ಸಲ ಹೇಳೋದು ನಾನು!

ಆಲ್ದೂರು: ಹಂಗಾದ್ರೆ ಹಚ್ಚೋದಷ್ಟೇ ಪರವಾಗಿಲ್ವಾ?

ಕೊಪ್ಪ: ಸಾರ್, ಕೈಗಾ ಬಗ್ಗೆ ಹೇಳಿ, ಇವರಿಗೆ ಬುದ್ಧಿ ಬರ್ಲಿ.

ಸಾರ್: ಬೇರೆಯವರು ಸುಮ್ನಿರಿ. ಆಲೂರಿನವರೇ, ಹೊರಟ್ರಾ?

ಆಲೂರು: ಆಟೋ ಬಂತು ಸಾರ್.