ರೇಡಿಯೋದಲ್ಲಿ ಅಪ್ಪನ ಹಾಡು ಬರುತ್ತದೆ, ದುಡ್ಡು ಯಾರಿಗೆ ಹೋಗುತ್ತದೆ?

ಗುಬ್ಬಿಯ ಮಗಳು:
ನಮ್ಮಪ್ಪ 2014ರಲ್ಲಿ ಒಂದು ಸಿನಿಮಾಕ್ಕೆ ಹಾಡು ಬರೆದಿದ್ದರು. ನಿರ್ಮಾಪಕರು ಒಂದೇ ಸಲ ದುಡ್ಡು ಕೊಟ್ಟು, ಎಲ್ಲ ಹಕ್ಕೂ ತಮ್ಮದೇ ಅಂತ ಸಹಿ ಹಾಕಿಸಿಕೊಂಡರು. ಅಪ್ಪ ಈಗಿಲ್ಲ. ತುಮಕೂರು ಬಸ್ಸಿನಲ್ಲಿ ಕೂತರೆ ಎಫ್‌ಎಂನಲ್ಲಿ ಆ ಹಾಡು ಈಗಲೂ ಬರುತ್ತದೆ. ಅಮ್ಮನಿಗೆ ಒಂದು ರೂಪಾಯಿಯೂ ಬಂದಿಲ್ಲ. ರೇಡಿಯೋ, ಟಿವಿಯವರು ಯಾರಿಗೆ ಕಟ್ಟುತ್ತಾರೆ?

ತಿಪಟೂರು ಕೇಳುಗ:
ಸಹಿ ಹಾಕಿದ ಮೇಲೆ ಮುಗೀತು ಅಲ್ವಾ?

ಹಳೇ ಎಫ್‌ಎಂನವನು:
ಇಲ್ಲ, ಮುಗಿದಿಲ್ಲ. ನಾನು ಎಫ್‌ಎಂನಲ್ಲಿ ಹಾಡುಗಳ ಪಟ್ಟಿ ನೋಡಿಕೊಳ್ಳುತ್ತಿದ್ದೆ. ಒಂದೇ ಹಾಡಿನಲ್ಲಿ ಬೇರೆ ಬೇರೆ ಹಕ್ಕುಗಳಿವೆ. ರೆಕಾರ್ಡಿಂಗ್ ಆಡಿಯೋ ಕಂಪನಿಯದು. 2010ರಲ್ಲಿ ಕಾಪಿರೈಟ್ ಬೋರ್ಡ್, ಎಫ್‌ಎಂಗಳು ಜಾಹೀರಾತಿನ ನಿವ್ವಳ ಆದಾಯದಲ್ಲಿ ಶೇ. 2ರಷ್ಟು ಕಟ್ಟಬೇಕು ಅಂದಿದ್ದು ಇದಕ್ಕೇ. ಸಾಹಿತ್ಯ, ಸಂಗೀತದ ಲೆಕ್ಕ ಬೇರೆ.

ನಿಮಗೆ ಮುಖ್ಯವಾದದ್ದು ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿ. ಸಿನಿಮಾ ಹಾಡು ಥಿಯೇಟರಿನ ಆಚೆ ಬಳಕೆಯಾದರೆ ರಾಯಧನದಲ್ಲಿ ಬರೆದವರಿಗೂ ಸಮಪಾಲು. ಆ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡಲು ಬರುವುದೇ ಇಲ್ಲ. ವಾರಸುದಾರರಿಗೆ ಇಲ್ಲವೇ ಕಾಪಿರೈಟ್ ಸೊಸೈಟಿಗೆ, ಅಂದರೆ ಹಕ್ಕುದಾರರ ಪರವಾಗಿ ರಾಯಧನ ವಸೂಲಿ ಮಾಡುವ ಸಂಸ್ಥೆಗೆ, ಮಾತ್ರ ಕೊಡಬಹುದು. ಬರೆದವರು ತೀರಿಕೊಂಡ ಮೇಲೂ ಸಾಹಿತ್ಯದ ಹಕ್ಕು 60 ವರ್ಷ ಇರುತ್ತದೆ.

ಇನ್ನೊಂದು ಮಾತು. ಅದೇ ಕಾಯ್ದೆಯ 31ಡಿ ಕಲಮಿನಡಿ, ಅಂದರೆ ಮಾಲೀಕರ ಒಪ್ಪಿಗೆಗೆ ಕಾಯದೆ ನಿಗದಿತ ರಾಯಧನ ಕಟ್ಟಿ, ಹಾಡು ಹಾಕುವ ರೇಡಿಯೋ, ಟಿವಿಯವರು ಬರೆದವರ ಹೆಸರನ್ನೂ ಹೇಳಬೇಕು. ಎಷ್ಟು ಜನ ಹೇಳುತ್ತಾರೆ? ನನಗೆ ಇವತ್ತಿಗೂ ಇದು ಹೊಟ್ಟೆ ಉರಿಸುತ್ತದೆ.

ಸಾಹಿತಿ, ಸಂಗೀತ ನಿರ್ದೇಶಕರ ಪರವಾಗಿ ವಸೂಲಿ ಮಾಡುವುದು ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಅನ್ನುವ ಕಾಪಿರೈಟ್ ಸೊಸೈಟಿ. ಅಮ್ಮನನ್ನು ವಾರಸುದಾರರಾಗಿ ಅಲ್ಲಿ ಸೇರಿಸಿ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಸಿದ್ಧವಿರಲಿ.

ಗುಬ್ಬಿಯ ಮಗಳು:
ಅಣ್ಣಾ, ತುಂಬ ಉಪಕಾರ. ಸಿಡಿ ಕವರಿನ ಮೇಲೆ ಅಪ್ಪನ ಹೆಸರಿದೆ. ಅದು ಆಧಾರವಾಗುತ್ತದಾ?

ಹಳೇ ಎಫ್‌ಎಂನವನು:
ಆಗುತ್ತದಮ್ಮ. ಆ ಒಪ್ಪಂದದ ಪ್ರತಿಯನ್ನೂ ಹುಡುಕಿಡಿ.