ತುರ್ತು ಮಾತ್ರೆ ತೆಗೆದುಕೊಂಡ ಮೇಲೂ ಗರ್ಭ ನಿಲ್ಲುವುದೇಕೆ?

ಪ್ರಶ್ನೆ: ಡಾಕ್ಟರ್, ನಾನು ಇಪ್ಪತ್ತೊಂದು ಮಾತ್ರೆಗಳ ಗರ್ಭನಿರೋಧಕ ಸ್ಟ್ರಿಪ್ ಬಳಸುತ್ತೇನೆ. ಏಳು ದಿನಗಳ ಬಿಡುವು ಮುಗಿದು ಸೋಮವಾರ ಹೊಸ ಸ್ಟ್ರಿಪ್ ಆರಂಭಿಸಬೇಕಿತ್ತು. ಪ್ರಯಾಣದ ಗಡಿಬಿಡಿಯಲ್ಲಿ ಮರೆತೆ. ಮಂಗಳವಾರ ರಾತ್ರಿ ಸಂಪರ್ಕವಾಯಿತು. ಬುಧವಾರ ಬೆಳಿಗ್ಗೆಯೇ 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ತುರ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಂಡೆ. ಇನ್ನು ಈ ತಿಂಗಳಿಗೆ ದಿನದ ಮಾತ್ರೆ ಬೇಡವೆಂದು ಬಿಟ್ಟೆ. ಶನಿವಾರ ಮತ್ತೆ ಸಂಪರ್ಕವಾಯಿತು. ಈಗ ನಾಲ್ಕು ವಾರವಾದರೂ ಮುಟ್ಟಾಗಿಲ್ಲ. ಮಾತ್ರೆ ನಕಲಿಯಾಗಿತ್ತೇ?

ಉತ್ತರ: ಮಾತ್ರೆಯನ್ನು ಅನುಮಾನಿಸುವ ಮೊದಲು ಅದರ ಕೆಲಸವೇನೆಂದು ತಿಳಿದುಕೊಳ್ಳಿ. ಲೆವೊನಾರ್ಜೆಸ್ಟ್ರೆಲ್ ಅಂಡಾಶಯದಿಂದ ಅಂಡ ಬಿಡುಗಡೆಯಾಗುವುದನ್ನು ಕೆಲವು ದಿನ ಮುಂದಕ್ಕೆ ತಳ್ಳುತ್ತದೆ, ಅಷ್ಟೇ. ನಿಂತಿರುವ ಗರ್ಭವನ್ನು ಅದು ತೆಗೆಯುವುದಿಲ್ಲ. ಅಂಡ ಬಿಡುಗಡೆಗೆ ಸೂಚನೆ ಕೊಡುವ ಹಾರ್ಮೋನು ಏರತೊಡಗಿದ ಮೇಲೆ ಅದನ್ನು ತಡೆಯುವ ಶಕ್ತಿಯೂ ಈ ಮಾತ್ರೆಗೆ ಇಲ್ಲ. ಆದ್ದರಿಂದಲೇ ಸಂಪರ್ಕದ ನಂತರ 72 ಗಂಟೆಗಳ ಅವಕಾಶವಿದ್ದರೂ ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು ಎನ್ನುತ್ತೇವೆ.

ನೀವು ಬೇಗನೆ ನುಂಗಿದ್ದೀರಿ, ಅದು ಸರಿ. ತೊಂದರೆ ಅದರ ಹಿಂದೆ ಮತ್ತು ಮುಂದೆ ಇದೆ. ಸ್ಟ್ರಿಪ್‌ನ ನಡುವೆ ಒಂದು ಮಾತ್ರೆ ಮರೆತರೆ ಸಾಮಾನ್ಯವಾಗಿ ದೊಡ್ಡ ಅಪಾಯವಿಲ್ಲ. ಆದರೆ ಬಿಡುವಿನ ಏಳು ದಿನ ಒಂಬತ್ತಕ್ಕೆ ಹಿಗ್ಗಿದಾಗ, ಮಲಗಿದ್ದ ಅಂಡಾಶಯ ಎಚ್ಚೆತ್ತು ಅಂಡವನ್ನು ಬೆಳೆಸತೊಡಗುತ್ತದೆ. ಅಂಥ ಸಮಯದಲ್ಲಿ ತುರ್ತು ಮಾತ್ರೆ ಅಂಡದ ಬಿಡುಗಡೆಯನ್ನು ಮುಂದೂಡಿತೆಂದೇ ಇಟ್ಟುಕೊಳ್ಳೋಣ. ಹಾಗೆ ಮುಂದೂಡಿದ ಅಂಡ ಮುಂದಿನ ದಿನಗಳಲ್ಲಿ ಹೊರಬರುತ್ತದೆ, ವೀರ್ಯಾಣುಗಳು ದೇಹದೊಳಗೆ ಐದು ದಿನಗಳವರೆಗೆ ಬದುಕಿರಬಲ್ಲವು, ನಿಮ್ಮ ಶನಿವಾರದ ಸಂಪರ್ಕ ಆ ದಿನಗಳಿಗೇ ಸರಿಯಾಗಿ ಬೀಳುತ್ತದೆ. ಬುಧವಾರದ ಮಾತ್ರೆ ಶನಿವಾರಕ್ಕೆ ರಕ್ಷಣೆ ಕೊಡಲಾರದು. ಈ ಮಾತನ್ನು ಮಾತ್ರೆ ಕೊಡುವಾಗಲೇ ಹೇಳಬೇಕು; ಹೇಳದೆ ಕಳುಹಿಸುವುದು ನನಗೆ ಬಹಳ ಬೇಸರದ ವಿಷಯ. ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ಈ ಮಾತ್ರೆಯಿಂದಲೂ ಮುಟ್ಟು ಹಿಂದುಮುಂದಾಗುತ್ತದೆ. ಹಾಗಾಗಿ ತಡವಾದ ಮಾತ್ರಕ್ಕೆ ಗರ್ಭವೆಂದು ತೀರ್ಮಾನಿಸಬೇಡಿ. ಕೊನೆಯ ಸಂಪರ್ಕವಾಗಿ ಮೂರು ವಾರ ಕಳೆದಿರುವುದರಿಂದ ನಾಳೆ ಬೆಳಗಿನ ಮೊದಲ ಮೂತ್ರದಲ್ಲಿ ಪರೀಕ್ಷೆ ಮಾಡಿದರೆ ಫಲಿತಾಂಶವನ್ನು ನಂಬಬಹುದು. ಗರ್ಭ ನಿಂತಿದ್ದರೂ, ತೆಗೆದುಕೊಂಡ ಮಾತ್ರೆಯಿಂದ ಮಗುವಿಗೆ ಹಾನಿಯಾಗುತ್ತದೆಂಬ ಭಯ ಬೇಡ. ಕೆಳಹೊಟ್ಟೆಯ ಒಂದೇ ಬದಿಯಲ್ಲಿ ತೀವ್ರ ನೋವು ಅಥವಾ ತಲೆಸುತ್ತು ಬಂದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಿ, ಏಕೆಂದರೆ ಗರ್ಭಕೋಶದ ಹೊರಗೆ ಗರ್ಭ ನಿಂತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಪ್ರಶ್ನೆ: ಹಾಗಾದರೆ ತುರ್ತು ಮಾತ್ರೆಯ ನಂತರ ದಿನದ ಮಾತ್ರೆಯನ್ನು ಯಾವಾಗ ಆರಂಭಿಸಬೇಕಿತ್ತು?

ಉತ್ತರ: ಅದೇ ದಿನ. ಅಲ್ಲಿಂದ ಏಳು ದಿನ ಕಾಂಡೋಮ್ ಕೂಡ ಬಳಸಬೇಕು. ತೆಗೆದುಕೊಂಡದ್ದು 120 ಗಂಟೆಗಳವರೆಗೆ ಬಳಸಬಹುದಾದ ಯೂಲಿಪ್ರಿಸ್ಟಲ್ ಎಂಬ ಇನ್ನೊಂದು ತುರ್ತು ಮಾತ್ರೆ ಆಗಿದ್ದರೆ ಕ್ರಮ ಬೇರೆ: ಹಾರ್ಮೋನಿನ ಮಾತ್ರೆ ಅದರ ಕೆಲಸವನ್ನು ಕೆಡಿಸುವುದರಿಂದ ಐದು ದಿನ ಬಿಟ್ಟು ಆರಂಭಿಸಬೇಕು. ನುಂಗಿದ ಎರಡು ಗಂಟೆಯೊಳಗೆ ಲೆವೊನಾರ್ಜೆಸ್ಟ್ರೆಲ್ ವಾಂತಿಯಾಗಿ ಹೋದರೆ ಇನ್ನೊಂದು ಮಾತ್ರೆ ತೆಗೆದುಕೊಳ್ಳಬೇಕು.

ಇನ್ನೊಬ್ಬ ಮಹಿಳೆಯ ಪ್ರಶ್ನೆ: ನಾನು ಫಿಟ್ಸ್‌ಗೆ ಕಾರ್ಬಮಜೆಪೈನ್ ತೆಗೆದುಕೊಳ್ಳುತ್ತಿದ್ದೇನೆ. ನನಗೂ ಇದೇ ಮಾತ್ರೆ ಸಾಕೇ?

ಉತ್ತರ: ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಕಾರ್ಬಮಜೆಪೈನ್, ಫೆನಿಟಾಯಿನ್, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇವೆಲ್ಲ ಯಕೃತ್ತನ್ನು ಚುರುಕುಗೊಳಿಸಿ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತವೆ. ಔಷಧಿ ನಿಲ್ಲಿಸಿದ ಮೇಲೂ ನಾಲ್ಕು ವಾರ ಈ ಪರಿಣಾಮ ಉಳಿಯುತ್ತದೆ. ನಿಮ್ಮಂಥವರಿಗೆ ಸಂಪರ್ಕವಾದ ಐದು ದಿನದೊಳಗೆ ಹಾಕಿಸಿಕೊಳ್ಳುವ ಕಾಪರ್-ಟಿ ಅತ್ಯುತ್ತಮ. ಅದರಲ್ಲಿ ಹಾರ್ಮೋನೇ ಇಲ್ಲದ ಕಾರಣ ಯಾವ ಔಷಧಿಯೂ ಅದನ್ನು ಕುಗ್ಗಿಸದು, ತುರ್ತು ಉಪಾಯಗಳಲ್ಲೆಲ್ಲ ಅದೇ ಹೆಚ್ಚು ಪರಿಣಾಮಕಾರಿ, ಮುಂದಿನ ವರ್ಷಗಳಿಗೂ ಅದೇ ರಕ್ಷಣೆಯಾಗಿ ಉಳಿಯುತ್ತದೆ. ಅದು ಸಾಧ್ಯವಾಗದಿದ್ದರೆ ಲೆವೊನಾರ್ಜೆಸ್ಟ್ರೆಲ್‌ನ ಎರಡು ಮಾತ್ರೆ, ಅಂದರೆ 3 ಮಿಲಿಗ್ರಾಂ, ಒಟ್ಟಿಗೆ ತೆಗೆದುಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಿ. ಫಿಟ್ಸ್ ಔಷಧಿಯನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡಿ.